ಮಾರಿದ ಮೊಬೈಲಿನ ಹಗ್ಗ

ನಮ್ಮ ಕಡೆ ಎತ್ತು ಮಾರಿದವನು ಹಗ್ಗ ಮಾರುವುದಿಲ್ಲ. ವ್ಯಾಪಾರ ಕುದುರಿದ ಮೇಲೆ ಎತ್ತಿನ ಕೊರಳಿನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆಗೆ ಬರುತ್ತಾನೆ. ಕೊಂಡವನು ತನ್ನ ಹಗ್ಗವನ್ನು ತಾನೇ ತಂದಿರಬೇಕು. ಹಗ್ಗವನ್ನೂ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ ಎಂಬ ನಂಬಿಕೆ. ನಾನು ಹತ್ತನೆಯ ತರಗತಿ ಪಾಸಾಗಿ, ಮುಂದೆ ಓದದೆ, ದನದ ಸಂತೆಯ ದಲ್ಲಾಳಿಯಾದವನು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕೂ ಕಡೆಯ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿದು ಬೆಲೆ ಮಾಡಿದವನು. ಎಷ್ಟು ಎತ್ತುಗಳ ಹಗ್ಗ ಬಿಚ್ಚಿಸಿದ್ದೇನೋ ನನಗೇ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಅನ್ಯಾಯ ಮಾಡಿದೆ. ಅದು ಶುರುವಾದದ್ದು ಆ ಹಳೆಯ ರೂಢಿಯಿಂದ. ಬೆಳೆದದ್ದು ಮಾತ್ರ ಸುಳ್ಳಿನಿಂದ. ರೂಢಿಯನ್ನು ಪರಿಣಾಮ ತಿಳಿಯದೆ ನಡೆಸಿದೆ ಎನ್ನಬಹುದು, ಸುಳ್ಳನ್ನು ತಿಳಿದೇ ಹೇಳಿದೆ.

ಇದನ್ನು ಬರೆಯುತ್ತ ಎಷ್ಟು ಸಲ ಎದ್ದು ಹೊರಗೆ ಹೋಗಿ ಬಂದೆನೋ. ನನ್ನ ಮಗಳು ಒಳಗಿನಿಂದಲೇ ಕೇಳುತ್ತಾಳೆ, ಏನು ಹುಡುಕುತ್ತಿದ್ದೀ ಎಂದು. ಏನೂ ಇಲ್ಲ ಎನ್ನುತ್ತೇನೆ.

ಟ್ರ್ಯಾಕ್ಟರು ಬಂದ ಮೇಲೆ ಸಂತೆಗಳು ತೆಳ್ಳಗಾದವು. ಕೊಳ್ಳುವವರಿಗಿಂತ ನೋಡುವವರೇ ಹೆಚ್ಚಾದರು. ನನ್ನ ಕಾಲೂ ಸೋತಿತು. ಹೆಂಡತಿ ತೀರಿಕೊಂಡ ಮೇಲೆ ಮುದ್ದೇಬಿಹಾಳದಲ್ಲಿ ಮಗಳ ಮನೆಗೆ ಬಂದೆ. ಅಳಿಯನದು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ. ರಿಪೇರಿ, ರಿಚಾರ್ಜ್, ಹಳೆಯ ಮೊಬೈಲ್ ಕೊಳ್ಳುವುದು, ಮಾರುವುದು. ಮನೆಯಲ್ಲಿ ಕೂತು ಏನು ಮಾಡುತ್ತೀರಿ, ಅಂಗಡಿಗೆ ಬನ್ನಿ ಎಂದು ಅವನೇ ಕರೆದ. ಮೊಬೈಲಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಹಳ್ಳಿಯ ಜನ ನನ್ನ ಮುಖ ಬಲ್ಲವರು. ನನ್ನ ಮಾತಿನ ಮೇಲೆ ಎತ್ತು ಕಟ್ಟಿಕೊಂಡು ಹೋದವರ ಮಕ್ಕಳು ಈಗ ನನ್ನ ಮಾತಿನ ಮೇಲೆ ಮೊಬೈಲ್ ಜೇಬಿಗೆ ಹಾಕಿಕೊಂಡು ಹೋಗತೊಡಗಿದರು. ಏನಾದರೂ ಆದರೆ ಎಂದು ಅವರು ಕೇಳಿದರೆ, ನಾ ಅದೀನಲ್ಲ ಎನ್ನುತ್ತಿದ್ದೆ. ಸಂತೆಯಲ್ಲೂ ಅದನ್ನೇ ಹೇಳುತ್ತಿದ್ದೆ. ಎತ್ತು ನೊಗಕ್ಕೆ ಹೆಗಲು ಕೊಡದಿದ್ದರೆ, ಹಾದಿಯಲ್ಲಿ ಮಲಗಿದರೆ, ತಿರುಗಿ ಹೊಡೆದುಕೊಂಡು ಬನ್ನಿ, ನಾನು ನಿಂತು ಬಿಡಿಸುತ್ತೇನೆ ಎಂಬುದು ಅದರ ಅರ್ಥ. ಮೊಬೈಲಿನ ವಿಷಯದಲ್ಲಿ ಅದರ ಅರ್ಥವೇನೆಂದು ನಾನು ಯೋಚಿಸಿರಲಿಲ್ಲ.

ಅಳಿಯ ಆಗಾಗ ಛೇಡಿಸುತ್ತಿದ್ದ. ನಾನು ಗಿರಾಕಿಯ ಮುಂದೆ ಮೊಬೈಲನ್ನು ತಿರುಗಿಸಿ ಮುರುಗಿಸಿ ತೋರಿಸುವುದನ್ನು ಕಂಡು, "ಮಾವಾರ, ಅದರ ಹಲ್ಲ ನೋಡಬ್ಯಾಡ್ರಿ, ಇದು ದನದ ಸಂತಿ ಅಲ್ಲ" ಎನ್ನುತ್ತಿದ್ದ. ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಎಲ್ಲೋ ಒಂದು ಮುಳ್ಳು ಮುರಿದು ಉಳಿಯುತ್ತಿತ್ತು.

ದೀಪಾವಳಿ ಕಳೆದ ಹೊಸದರಲ್ಲಿ ಒಬ್ಬ ತರುಣ ಬಂದ. ಇಂಡಿ ತಾಲ್ಲೂಕಿನ ಸಾಲೋಟಗಿ ಕಡೆಯವನು, ಲಿಂಬೆ ತೋಟದವನು. ತಾಳಿಕೋಟೆಯ ಹತ್ತಿರ ಹೆಂಡತಿಯ ತವರಿಗೆ ಬಂದಿದ್ದ. ಮೊಬೈಲ್ ಮಾರಿ ಬೇರೆ ಕೊಳ್ಳಬೇಕಾಗಿತ್ತು. ಅಳಿಯ ಅದನ್ನು ನೋಡಿ, ಬೆಲೆ ಮಾಡಿ, ಅವನ ಗುರುತಿನ ಚೀಟಿಯ ಫೋಟೋ ತೆಗೆದುಕೊಂಡು ಊಟಕ್ಕೆ ಹೋದ. ಅವನು ಹೋದ ಮೇಲೆ ಆ ತರುಣ ಚೀಲದಿಂದ ಮೊಬೈಲಿನ ಡಬ್ಬಿ ತೆಗೆದು ಮುಂದಿಟ್ಟ. ಒಳಗೆ ಅಂಗಡಿಯ ಬಿಲ್ಲಿತ್ತು. ಇದು ಕೊಂಡು ಇನ್ನೂ ವರ್ಷ ಆಗಿಲ್ಲ, ಕಂಪನಿಯ ಗ್ಯಾರಂಟಿ ಉಳಿದಿದೆ, ಮುಂದೆ ಕೊಂಡವರಿಗೆ ಉಪಯೋಗ ಆಗುತ್ತದೆ ಎಂದ.

ಆಗ ನಾನು ಮಾಡಿದ್ದು ಇದು. ಡಬ್ಬಿಯನ್ನು ಅವನ ಕೈಗೇ ತಿರುಗಿ ಕೊಟ್ಟೆ. "ತಮ್ಮಾ, ದನ ಮಾರಿದವ ಹಗ್ಗ ಮಾರೂದಿಲ್ಲ. ಇದನ್ನ ಮನಿಗೆ ಒಯ್ಯಿ" ಎಂದೆ. ಅವನು ಒಕ್ಕಲು ಮನೆಯವನೇ. ಕೂಡಲೇ ಅರ್ಥವಾಯಿತು. ನಕ್ಕು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ, ಮೊಬೈಲನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡ, ಹೋದ. ನನಗೆ ಬಹಳ ಸಂತೋಷವಾಯಿತು. ಗಾಜಿನ ಕಪಾಟುಗಳ ನಡುವೆ ಕೂತು ಸಂತೆಯ ಒಂದು ಒಳ್ಳೆಯ ರೀತಿಯನ್ನು ಉಳಿಸಿದೆ ಎಂದುಕೊಂಡೆ. ಅಳಿಯನಿಗೆ ಹೇಳಲಿಲ್ಲ. ಹೇಳಿದ್ದರೆ ಹಲ್ಲಿನ ಮಾತು ಮತ್ತೆ ಬರುತ್ತಿತ್ತು.

ಅದೇ ಮೊಬೈಲನ್ನು ಕೆಲವು ದಿನಗಳಲ್ಲಿ ಒಬ್ಬ ಹೆಣ್ಣುಮಗಳು ಕೊಂಡಳು. ಕುರಿಯವರ ಮನೆಯವಳು. ಗಂಡ ಮತ್ತು ಮೈದುನ ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ತಿರುಗುವವರು. ಜೋಳ, ಕಡಲೆ ಕಿತ್ತ ಮೇಲೆ ಹೊಲದವರು ಕುರಿ ತರುಬಿಸುತ್ತಾರಲ್ಲ, ರಾತ್ರಿ ಹಿಂಡನ್ನು ತಮ್ಮ ಹೊಲದಲ್ಲಿ ಮಲಗಿಸಿಕೊಂಡು ಗೊಬ್ಬರ ಮಾಡಿಕೊಳ್ಳುತ್ತಾರಲ್ಲ, ಅದಕ್ಕೆ ಕರೆಯುವವರು ಮೊದಲು ಈಕೆಗೆ ಫೋನ್ ಮಾಡುತ್ತಿದ್ದರು. ಯಾರ ಹೊಲ ಮೊದಲು, ಯಾರದು ಆಮೇಲೆ, ನೀರು ಎಲ್ಲಿದೆ, ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಹಿಂಡನ್ನು ನಡೆಸುತ್ತಿದ್ದವಳು ಈಕೆ. ಗಂಡಸರು ಕುರಿಯ ಹಿಂದೆ ನಡೆಯುತ್ತಿದ್ದರು, ಅಷ್ಟೇ. ಹಿಂದಿನ ಮೊಬೈಲು ಬಿದ್ದು ಒಡೆದಿತ್ತು. ಸುಗ್ಗಿಗೆ ಮೊದಲೇ ಗಟ್ಟಿಯಾದದ್ದೊಂದು ಬೇಕು ಎಂದಳು.

ಗೋಡೆಯ ಮೇಲೆ ಅಳಿಯ ಒಂದು ಬೋರ್ಡು ಹಾಕಿದ್ದ, ಹಳೆಯ ಮೊಬೈಲಿಗೆ ಗ್ಯಾರಂಟಿ ಇಲ್ಲ ಎಂದು. ಆಕೆ ಅದರ ಕಡೆ ಬೆರಳು ತೋರಿಸಿ ಏನು ಬರೆದಿದೆ ಎಂದು ಕೇಳಿದಳು. ಓದಿ ಹೇಳಿದೆ.

"ಹಂಗಾರ ಇದು ಕೈಕೊಟ್ರ ನಾ ಏನ್ ಮಾಡ್ಲಿ ಮುತ್ಯಾ?"

"ಬೋರ್ಡ ಬಿಡು ಯವ್ವಾ. ಇದಕ್ಕ ಇನ್ನೂ ಕಂಪನಿ ಗ್ಯಾರಂಟಿ ಐತಿ. ಅದರ ಮ್ಯಾಲ ನಾ ಅದೀನಿ."

ಬಿಲ್ಲನ್ನು ಸಾಲೋಟಗಿಗೆ ಕಳಿಸಿದ ಬಾಯಿಯೇ ಇದನ್ನು ಹೇಳಿತು. ಬಿಲ್ಲು ಇಲ್ಲದೆ ಕಂಪನಿಯವರು ನಂಬುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ನನ್ನ ಪರವಾಗಿ ಹೇಳುವುದಕ್ಕೆ ಇರುವುದು ಇದೊಂದೇ ಮಾತು. ನಮ್ಮ ಅಂಗಡಿಯದೂ ಬಿಲ್ ಕೊಡಲಿಲ್ಲ. ಹಳೆಯ ಮಾಲಿಗೆ ಅಲ್ಲಿ ಯಾರಿಗೂ ಕೊಡುತ್ತಿರಲಿಲ್ಲ.

ಸಂಕ್ರಾಂತಿಯ ನಂತರ ಆಕೆ ತಿರುಗಿ ಬಂದಳು. ಮೊಬೈಲು ನೋಡಲಿಕ್ಕೆ ಸರಿಯಾಗಿಯೇ ಇತ್ತು. ಆದರೆ ಕರೆ ಬಂದು ಎತ್ತಿಕೊಂಡ ಕೂಡಲೇ ತಾನಾಗಿಯೇ ಆರಿಹೋಗುತ್ತಿತ್ತು. ಮತ್ತೆ ಹತ್ತಿಸಿದರೆ ಹತ್ತುತ್ತಿತ್ತು, ಮತ್ತೆ ಯಾರಾದರೂ ಮಾತಾಡಿದರೆ ಆರುತ್ತಿತ್ತು. ಬೀಳಿಸಿಲ್ಲ, ನೀರಿಗೆ ಹಾಕಿಲ್ಲ ಎಂದಳು. ಅಳಿಯ ನೋಡಿ, ಇದು ಒಳಗಿನ ಬೋರ್ಡಿನ ದೋಷ, ನಾನು ಬಿಚ್ಚಿದರೆ ಕಂಪನಿಯವರು ಕೈಬಿಡುತ್ತಾರೆ, ವರ್ಷ ತುಂಬಿಲ್ಲವಾದರೆ ವಿಜಯಪುರದ ಸರ್ವಿಸ್ ಸೆಂಟರಿನಲ್ಲಿ ಪುಕ್ಕಟೆ ಮಾಡಿಕೊಡುತ್ತಾರೆ, ಬಿಲ್ಲು ಬೇಕು ಎಂದ. ಅವನ ಮಾತು ಸರಿಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಮಾವಾರ, ಆ ಇಂಡಿ ಹುಡುಗ ಬಿಲ್ ತಂದಿದ್ನೇನ್ರಿ?" ಎಂದು ಕೇಳಿದ.

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಹಗ್ಗದ ಮಾತನ್ನು ಅಲ್ಲಿ ಹೇಳಿದ್ದರೆ ಅವರು ಊರ ತುಂಬ ಆಡಿಕೊಂಡು ನಗುತ್ತಿದ್ದರು. ನನ್ನ ನಾಲಿಗೆ ನನಗಿಂತ ಮೊದಲು ಹೊರಳಿತು.

"ಇಲ್ಲ. ಬರೀ ಮೊಬೈಲ್ ತಂದಿದ್ದ."

ಆಕೆ ನನ್ನನ್ನೇ ನೋಡಿದಳು. ಕಂಪನಿಯ ಗ್ಯಾರಂಟಿ ಇದೆ ಎಂದಿದ್ದೆಯಲ್ಲ ಎಂದಳು. ನಾನು ಹಾಗೆ ಹೇಳಿದ್ದು ನೆನಪಿಲ್ಲ ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಬಿಲ್ಲಿಲ್ಲದೆಯೇ ಆಕೆ ವಿಜಯಪುರಕ್ಕೆ ಹೋಗಿಬಂದಳು. ಅಲ್ಲಿಯವರು ಬಿಲ್ಲು ತನ್ನಿ ಎಂದು ಕಳಿಸಿದರು. ಮತ್ತೆ ಅಂಗಡಿಗೆ ಬಂದಳು. ಅಳಿಯ ಮೊಬೈಲು ಕೊಟ್ಟ ಹುಡುಗನ ನಂಬರಿಗೆ ಫೋನ್ ಮಾಡಿದ. ಆ ನಂಬರೇ ಚಾಲ್ತಿಯಲ್ಲಿರಲಿಲ್ಲ. ನಾನೇನು ಮಾಡಲಿ ತಂಗೀ ಎಂದು ಬೋರ್ಡು ತೋರಿಸಿದ. ನಾನು ಪೇಪರು ಓದುತ್ತಿದ್ದೆ. ಒಂದೇ ಸಾಲಿನ ಮೇಲೆ ಕಣ್ಣು ಹೋಗಿ ಹೋಗಿ ಬರುತ್ತಿತ್ತು. ಆಕೆ ನನ್ನ ಹತ್ತಿರ ಬಂದು ಮೆಲ್ಲಗೆ, "ಮುತ್ಯಾ, ಹೊಲದವ್ರು ಫೋನ್ ಹಚ್ಚಾಕತ್ತಾರ. ಎತ್ತಿದ್ರ ಕಟ್ ಆಕೈತಿ. ಈಕಿಗೆ ಸೊಕ್ಕ ಬಂದೈತಿ ಅಂತ ತಿಳಕೊಂಡಾರ" ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ.

ಆಮೇಲೆ ನನಗೆ ಒಂದು ಕಡೆ ಕೂರುವುದು ಆಗದೆ ಹೋಯಿತು. ಅಂಗಡಿಯಲ್ಲಿ ಕೂತರೆ ಬಾಗಿಲ ಕಡೆ ಕಣ್ಣು. ಕುಪ್ಪಸದ ಮೇಲೆ ಕಂಬಳಿ ಹೊದ್ದ ಯಾರು ಹಾದುಹೋದರೂ ಆಕೆಯೇ ಎನಿಸುತ್ತಿತ್ತು. ಎದ್ದು ಎಪಿಎಂಸಿ ಯಾರ್ಡಿನ ತನಕ ನಡೆದು ಬರುತ್ತಿದ್ದೆ. ಬಂದು ಕೂತರೆ ಮತ್ತೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಹಸಿವಿರಲಿಲ್ಲ, ಆದರೆ ಚಹಾದ ಮೇಲೆ ಚಹಾ. ಯಾರದಾದರೂ ಮೊಬೈಲು ರಿಂಗಾದರೆ ಅವರು ಎತ್ತಿಕೊಂಡು ಮಾತಾಡುವವರೆಗೆ ಕಿವಿ ನೆಟ್ಟಗೆ ಮಾಡಿ ನಿಲ್ಲುತ್ತಿದ್ದೆ.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಹಿಂದೊಮ್ಮೆ ಕೆಟ್ಟ ಫ್ರಿಜ್ ಕೊಟ್ಟ ಅಂಗಡಿಯ ಮೇಲೆ ವಿಜಯಪುರದ ಗ್ರಾಹಕರ ಆಯೋಗಕ್ಕೆ ತಾವೇ ಅರ್ಜಿ ಬರೆದು ಗೆದ್ದವರು. ಅದನ್ನು ಇಂದಿಗೂ ಎಲ್ಲರಿಗೂ ಹೇಳುತ್ತಾರೆ. ಅವರನ್ನು ಕೇಳಿದೆ. ನನ್ನದು ಎನ್ನಲಿಲ್ಲ, ಒಬ್ಬ ಪರಿಚಯದವರದು ಎಂದೆ.

ಅವರು ಬಹಳ ಹೊತ್ತು ಹೇಳಿದರು. ಕಂಪನಿಯ ವಾರಂಟಿ ಸಾಮಾನ್ಯವಾಗಿ ಮೊಬೈಲಿನ ಜೊತೆ ಹೋಗುತ್ತದೆ, ಮೊದಲು ಕೊಂಡವನ ಜೊತೆ ಅಲ್ಲ. ಕೈ ಬದಲಾದರೂ ಉಳಿದ ದಿನ ಉಳಿದೇ ಇರುತ್ತದೆ. ಆದರೆ ಆ ದಿನಗಳ ಲೆಕ್ಕ ಮೊದಲ ಬಿಲ್ಲಿನ ತಾರೀಖಿನಿಂದ. ಇನ್ನು ಅಂಗಡಿಯವನು ಹಳೆಯ ಮಾಲು ಮಾರಿದ ಮಾತ್ರಕ್ಕೆ ಬಚಾವಾಗುವುದಿಲ್ಲ. ಬಾಯಲ್ಲಿ ಗ್ಯಾರಂಟಿ ಕೊಟ್ಟಿದ್ದರೆ ಅದೂ ಗ್ಯಾರಂಟಿಯೇ, ಗೋಡೆಯ ಬೋರ್ಡು ಅದನ್ನು ಅಳಿಸುವುದಿಲ್ಲ. ಬಿಲ್ ಕೊಡದಿರುವುದೇ ಒಂದು ತಪ್ಪು. ವಕೀಲರು ಬೇಕಿಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು. ಎಲ್ಲ ಹೇಳಿ ಕಡೆಗೆ, "ಖರೇ ಅಂದ್ರ, ಬಾಯಿಮಾತು ಇದ್ದಾಗ ಅದನ್ನ ಕೇಳಿದವರು ಯಾರರೆ ಸಾಕ್ಷಿ ಹೇಳಬೇಕಾಗ್ತದ. ಹೇಳಿದವನೇ ಒಪ್ಪಿಕೊಂಡ್ರ ಮತ್ತ ಏನೂ ಬ್ಯಾಡ. ನಿಮ್ಮ ಪರಿಚಯದವ್ರು ಒಪ್ಪಿಕೋತಾರೇನ್ರಿ?" ಎಂದರು.

ಕೇಳಿ ನೋಡುತ್ತೇನೆ ಎಂದು ಎದ್ದು ಬಂದೆ. ಅವರಿಗೆ ಗೊತ್ತಾಗಿತ್ತೋ ಇಲ್ಲವೋ. ಮಾಸ್ತರಿಕೆ ಮಾಡಿದವರಿಗೆ ಸುಳ್ಳು ಹೇಳುವ ಮುಖ ಹೊಸದಲ್ಲ.

ಮರುದಿನವೇ ಇಂಡಿಗೆ ಹೋಗಿ ಬಿಲ್ಲು ತರುತ್ತೇನೆ ಎಂದು ಬಸ್ ಹತ್ತಿದೆ. ಮಗಳಿಗೆ ಸಂಬಂಧಿಕರ ಮನೆಗೆ ಎಂದಿದ್ದೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ನಿಂತಿತು. ಆ ಹುಡುಗ ಸಿಕ್ಕರೆ ಏನೆನ್ನಬೇಕು, ಅವನು ಊರಿಗೆಲ್ಲ ಹೇಳಿದರೆ, ಅಳಿಯನ ಕಿವಿಗೆ ಬಿದ್ದರೆ ಎಂದು ಯೋಚಿಸುತ್ತ ಇಳಿದುಬಿಟ್ಟೆ. ಗುಡಿಯ ತನಕ ಹೋದೆ, ಒಳಗೆ ಹೋಗಲಿಲ್ಲ. ಸುಳ್ಳಾಡಬೇಡಿರೆಂದು ಬೋಧಿಸಿದ ಶರಣರು ಹುಟ್ಟಿದ ಊರು ಅದು. ಗೋಡೆಯ ಮೇಲೆ ಬರೆದ ವಚನದ ಕಡೆ ನೋಡದೆ ತಿರುಗಿ ಬಸ್ ಸ್ಟ್ಯಾಂಡಿಗೆ ಬಂದು, ಮುದ್ದೇಬಿಹಾಳದ ಬಸ್ಸೇ ಮೊದಲು ಬಂದಿತೆಂಬ ನೆವ ಮಾಡಿ ಹತ್ತಿದೆ. ಇಂಡಿಯ ಕಡೆಯದು ಅದರ ಹಿಂದೆಯೇ ನಿಂತಿತ್ತು. ನಾನು ಅದನ್ನು ನೋಡಿದ್ದೆ.

ಹೀಗೆ ದಿನಗಳು ಹೋದವು. ಜೋಳ ಕೀಳುವುದು ಶುರುವಾಯಿತು. ಶಿವರಾತ್ರಿ ಬಂದು ಹೋಯಿತು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಹೊಲದವರಿಬ್ಬರು ಮಾತಾಡುವುದು ಕಿವಿಗೆ ಬಿತ್ತು. ಈ ಸಲ ಆ ಹೆಣ್ಣುಮಗಳು ಫೋನೇ ಎತ್ತಲಿಲ್ಲ, ಬೇರೆ ಹಿಂಡು ಕರೆಸಿದೆವು ಎಂದು ಒಬ್ಬ ಹೇಳಿದ. ನಾನು ಅಲ್ಲಿಂದಲೇ ಸಿಂದಗಿಯ ಬಸ್ಸು ಹತ್ತಿದೆ.

ಸಿಂದಗಿಯಲ್ಲಿ ನನ್ನ ಹಳೆಯ ಜೊತೆಗಾರನೊಬ್ಬ ಇದ್ದಾನೆ. ಅವನೂ ದಲ್ಲಾಳಿಯಾಗಿದ್ದವನು. ಇಂಡಿ ಕಡೆಯ ಒಕ್ಕಲು ಮನೆಗಳೆಲ್ಲ ಅವನಿಗೆ ಗೊತ್ತು. ಹುಡುಗನ ಗುರುತಿನ ಚೀಟಿಯ ಫೋಟೋ ಅಳಿಯನ ಹತ್ತಿರವಿತ್ತು, ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಲಿಂಬೆ ತೋಟ, ತಾಳಿಕೋಟೆ ಕಡೆಯ ಸೊಸೆ ಎಂದರೆ ಮನೆ ಹೇಳುತ್ತಾನೆ ಎಂಬ ಭರವಸೆ. ಹಾಗೆಯೇ ಆಯಿತು. ಬಾಗಿಲ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಮನೆಯ ಗುರುತು ಹೇಳಿದ. ಆಮೇಲೆ ಯಾಕೆ ಎಂದು ಕೇಳಿದ. ಅವನ ಮುಂದೆ ಹೇಗೋ ಬಾಯಿ ಬಿಟ್ಟಿತು. ಹಗ್ಗದ ಮಾತು ಹೇಳಿದೆ. ಸುಳ್ಳಿನ ಮಾತೂ ಹೇಳಿದೆ. ಅವನು ಎಲೆ ಉಗುಳುವಷ್ಟು ನಕ್ಕ.

"ಮೊಬೈಲಿಗೆ ಹಗ್ಗ ಕಟ್ಟಿದಿ ಏನೋ ಮಗನ," ಎಂದ. ನಗು ನಿಂತ ಮೇಲೆ ಗಲ್ಲ ಒರೆಸಿಕೊಳ್ಳುತ್ತ ಕೇಳಿದ, "ಅಲ್ಲೋ, ಹಗ್ಗ ಯಾಕ ಇಟ್ಕೋತಿದ್ವಿ ನಾವು?"

ಲಕ್ಷ್ಮಿ ಹೋಗಬಾರದೆಂದು ಎಂದೆ.

"ಲಕ್ಷ್ಮಿ ಹೆಣ್ಮಕ್ಕಳ ಮಾತ. ನಮ್ಮಪ್ಪ ಹೇಳ್ತಿದ್ದ, ಎತ್ತು ಖೋಡಿ ಅಂತ ತಿರುಗಿ ಬಂದ್ರ ಕಟ್ಟಾಕ ಬೇಕಲ್ಲ, ಅದಕ್ಕ ಹಗ್ಗ ಇಟ್ಕೋಬೇಕು ಅಂತ. ಆಕಿ ಹೊಡಕೊಂಡ ಬಂದ್ಲು. ನೀ ಬಾಗಲಾ ಹಾಕ್ಕೊಂಡಿ."

ಅವನು ಚೇಷ್ಟೆಯವನು. ಅವನ ಅಪ್ಪ ಹಾಗೆ ಹೇಳುತ್ತಿದ್ದನೋ, ಆ ಗಳಿಗೆಯಲ್ಲಿ ಅವನೇ ಹುಟ್ಟಿಸಿದನೋ ಹೇಳಲಾರೆ. ಉಳಿದುಕೋ, ಬೆಳಿಗ್ಗೆ ಹೋಗುವಿಯಂತೆ ಎಂದ. ಬೇಡವೆಂದು ಅವತ್ತೇ ಇಂಡಿಗೆ ಹೊರಟೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಇದ್ದೆ. ಕಂಡಕ್ಟರು ಎರಡು ಸಲ ಕೂರಲು ಹೇಳಿದ.

ತೋಟದ ಮನೆ ಸಿಕ್ಕಿತು. ಹುಡುಗ ಲಿಂಬೆ ತುಂಬಿಸಲು ಹೋಗಿದ್ದ, ಅವನ ತಾಯಿ ಇದ್ದಳು. ನಾನು ಯಾರೆಂದು ಹೇಳಿ ಡಬ್ಬಿಯ ವಿಷಯ ಎತ್ತಿದ ಕೂಡಲೇ ಆಕೆ, ಓ, ಹಗ್ಗದ ಮುತ್ಯಾ ಎಂದಳು. ಮಗ ಆ ಮಾತನ್ನು ಮನೆಯಲ್ಲಿ ಹೇಳಿದ್ದ. ಡಬ್ಬಿ ಎಲ್ಲಿದೆ ಎಂದರೆ ಒಳಗೆ ಕರೆದು ತೋರಿಸಿದಳು. ದೇವರ ಗೂಡಿನ ಪಕ್ಕದ ಗೂಟದಲ್ಲಿ ಮಾರಿದ ಎತ್ತುಗಳ ಹಗ್ಗಗಳು ತೂಗುತ್ತಿದ್ದವು. ಅವುಗಳ ಕೆಳಗೆ ಹಲಗೆಯ ಮೇಲೆ ಡಬ್ಬಿ. ಅದಕ್ಕೂ ಕುಂಕುಮ ಹಚ್ಚಿದ್ದರು.

ಕೇಳಿದರೆ ಆಕೆ ಕೊಡಲು ಒಪ್ಪಲಿಲ್ಲ. ಡಬ್ಬಿ ಮನೆಗೆ ಬಂದ ಮೇಲೆ ತೋಟ ಚೆನ್ನಾಗಿದೆ, ಲಿಂಬೆಗೆ ಬೆಲೆಯೂ ಬಂದಿದೆ, ಇಟ್ಟುಕೋ ಎಂದವನೇ ಈಗ ಕೊಡು ಎಂದರೆ ಹೇಗೆ ಎಂದಳು. ಬಿಲ್ಲೊಂದನ್ನೇ ಕೊಡಿ ಎಂದರೆ, ಒಳಗಿನದನ್ನು ಕೊಟ್ಟು ಬರಿ ಡಬ್ಬಿ ಇಟ್ಟುಕೊಂಡರೆ ಅದು ಬರಿ ಡಬ್ಬಿಯೇ ಎಂದಳು. ಸಂತೆಯಲ್ಲಿ ನಾನು ಹೇಳುತ್ತಿದ್ದುದನ್ನೇ ಆಕೆ ನನಗೆ ಹೇಳುತ್ತಿದ್ದಳು. ಕಡೆಗೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಕುರಿಯವರ ಹೆಣ್ಣುಮಗಳ ವಿಷಯ, ನಾಲ್ಕು ಜನರೆದುರು ಇಲ್ಲ ಎಂದದ್ದು, ನೆನಪಿಲ್ಲ ಎಂದದ್ದು. ಆಕೆ ನಿಂತೇ ಕೇಳಿದಳು.

"ತಪ್ಪ ನಿಂದು. ಹೋಗೂ ಲಕ್ಷ್ಮಿ ನಮ್ಮಕಿ ಏನು?"

ಹಾಗೆಂದವಳೇ ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದು ಕೈಯಾಡಿಸಿ, ಸಿಮ್ ತೆಗೆಯಲು ಕೊಟ್ಟಿರುತ್ತಾರಲ್ಲ ಸೂಜಿಯಂಥದ್ದು, ಅದೊಂದನ್ನು ಹೊರತೆಗೆದಳು. ಕಣ್ಣಿಗೊತ್ತಿಕೊಂಡು ಹಲಗೆಯ ಮೇಲೆ ಇಟ್ಟಳು. ಇಷ್ಟು ನಮಗಿರಲಿ ಎಂದು ಡಬ್ಬಿಯನ್ನು ನನ್ನ ಕೈಗಿಟ್ಟಳು. ಮಜ್ಜಿಗೆ ಕೊಟ್ಟಳು.

ಅಂಗಳದ ಬೆಳಕಿಗೆ ಬಂದು ಬಿಲ್ಲು ಬಿಡಿಸಿ ತಾರೀಖು ನೋಡಿದೆ. ವರ್ಷ ತುಂಬಿ ಒಂದು ವಾರವಾಗಿತ್ತು. ಶಿವರಾತ್ರಿಯ ಹೊತ್ತಿಗೇ ಮುಗಿದಿತ್ತು. ಕುರಿಯವರ ಹೆಣ್ಣುಮಗಳು ಕೆಟ್ಟ ಮೊಬೈಲನ್ನು ಮೊದಲ ಸಲ ಅಂಗಡಿಗೆ ತಂದಾಗ ಬೇಕಾದಷ್ಟು ದಿನವಿತ್ತು. ನಾನು ಬಾಗೇವಾಡಿಯಲ್ಲಿ ಇಳಿದು ತಿರುಗಿದ ದಿನವೂ ಇತ್ತು. ಎರಡು ಸಲ ಓದಿದೆ. ಹುಡುಗನ ತಾಯಿ ಬಾಗಿಲಲ್ಲಿ ನಿಂತು, ಸಿಕ್ಕಿತಾ ನಿನಗೆ ಬೇಕಾದ್ದು ಎಂದು ಕೇಳಿದಳು. ಹೂಂ ಎಂದೆ. ಅದೂ ಸುಳ್ಳೇ.

ಹಿಂಡು ಆಗ ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೋಗುವ ರಸ್ತೆಯ ಪಕ್ಕ ಒಂದು ಹೊಲದಲ್ಲಿತ್ತು. ಆಟೋದಿಂದ ಇಳಿದು ಎರೆಹೊಲದ ಹೆಂಟೆಗಳ ಮೇಲೆ ಎಡವುತ್ತ ಹೋದೆ. ಆಕೆ ರಾತ್ರಿ ಕುರಿ ಕೂಡುವ ಬಲೆಯ ಗೂಟವನ್ನು ಕಲ್ಲಿನಿಂದ ಬಡಿಯುತ್ತಿದ್ದಳು. ಗಂಡ ದೂರದಲ್ಲಿ ಮರಿಗಳನ್ನು ಕೂಡುತ್ತಿದ್ದ. ನನ್ನನ್ನು ಕಂಡೂ ಬಡಿಯುವುದು ನಿಲ್ಲಿಸಲಿಲ್ಲ. ಡಬ್ಬಿಯನ್ನು ಮುಂದೆ ಹಿಡಿದು ಹೇಳಬೇಕಾದ್ದನ್ನು ನಿಂತಲ್ಲೇ ಹೇಳಿದೆ. ಆ ಹುಡುಗ ಬಿಲ್ಲು ತಂದಿದ್ದ, ನಾನೇ ಮನೆಗೆ ಕಳಿಸಿದೆ, ನಿನಗೆ ಗ್ಯಾರಂಟಿ ಇದೆ ಎಂದದ್ದೂ ನಾನೇ, ಇಲ್ಲ ಎಂದದ್ದೂ ನಾನೇ, ಈಗ ತಂದಿದ್ದೇನೆ, ದಿನ ಮೀರಿದೆ.

ಆಕೆ ಕಲ್ಲು ಕೆಳಗಿಟ್ಟಳು. ಡಬ್ಬಿ ತೆಗೆದುಕೊಂಡು ಕುಂಕುಮದ ಗುರುತನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು.

"ಎತ್ತು ಸತ್ತ ಮ್ಯಾಲ ಹಗ್ಗ ತಂದಿ ಮುತ್ಯಾ."

ಗಾಳಿಗೆ ಕುರಿಯ ವಾಸನೆ ಬರುತ್ತಿತ್ತು. ನಾನು ಮಾಸ್ತರರು ಹೇಳಿದ್ದನ್ನು ಹೇಳಿದೆ. ಕಂಪನಿಯ ಬಾಗಿಲು ಮುಚ್ಚಿದೆ, ಅಂಗಡಿಯದು ಮುಚ್ಚಿಲ್ಲ, ನಾನು ಮಾತು ಕೊಟ್ಟದ್ದು ನಿಜ ಎಂದು ಬರೆದು ಸಹಿ ಮಾಡುತ್ತೇನೆ, ವಿಜಯಪುರದ ಆಯೋಗಕ್ಕೆ ದೂರು ಕೊಡು ಎಂದೆ. ನಿನ್ನ ಅಳಿಯನ ಮೇಲೆಯೇ ಎಂದು ಕೇಳಿದಳು. ಹೌದು ಎಂದೆ. ತಿರುಗಲಿಕ್ಕೆ ನನಗೆ ಪುರಸೊತ್ತಿಲ್ಲ, ಈಗಾಗಲೇ ಮೂರು ಹೊಲ ಹೋದವು ಎಂದಳು. ಆಮೇಲೆ, "ಸಹಿ ಆಮ್ಯಾಲ ನೋಡೂಣು. ಮೊದಲ ಎಲ್ಲಿ ಇಲ್ಲ ಅಂದಿದ್ದಿ, ಅಲ್ಲೇ ನಿಂತು ಹೌದು ಅನ್ನು" ಎಂದಳು.

ಮರುದಿನ ಆಕೆ ಅಂಗಡಿಗೆ ಬಂದಳು. ನಾನು ಬೆಳಿಗ್ಗೆಯಿಂದ ಒಳಗೆ ಹೊರಗೆ ಮಾಡುತ್ತಿದ್ದೆ. ಅಳಿಯನಿಗೆ ಮೊದಲೇ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದು ಮುಚ್ಚಿದ್ದೆ. ಗಿರಾಕಿಗಳಿದ್ದರು, ಅಂದಿನವರಲ್ಲ, ಬೇರೆಯವರು. ಅಳಿಯ ಆಕೆಯನ್ನು ಕಂಡು ಮತ್ತೆ ಬೋರ್ಡಿನ ಕಡೆ ಕೈ ಎತ್ತುವಷ್ಟರಲ್ಲಿ ನಾನು ಎದ್ದು ನಿಂತೆ. ಡಬ್ಬಿ, ಹಗ್ಗ, ಸುಳ್ಳು, ಎಲ್ಲ ಹೇಳಿದೆ. ಮಾತು ಒಂದರ ಮೇಲೊಂದು ಬಿದ್ದು ಗಡಿಬಿಡಿಯಾಯಿತು. ಹಗ್ಗದ ಮಾತಿಗೆ ಒಬ್ಬ ನಕ್ಕ. ನಾನು ಅಷ್ಟು ಹೆದರಿದ್ದ ನಗು ಇಷ್ಟೇ ಆಗಿತ್ತು.

ಅಳಿಯ ನಗಲಿಲ್ಲ. ಮುಖ ಕೆಂಪಾಯಿತು. ಗಿರಾಕಿಗಳನ್ನು ಕಳಿಸಿ, ಇದನ್ನು ಅಂದೇ ಹೇಳಿದ್ದರೆ ಕಂಪನಿಯವರೇ ಪುಕ್ಕಟೆ ಮಾಡಿಕೊಡುತ್ತಿದ್ದರು, ಈಗ ನನ್ನ ಅಂಗಡಿಯ ಮೇಲೆ ಬಂತು ಎಂದ. ಗಟ್ಟಿಯಾಗಿಯೇ ಹೇಳಿದ, ನನ್ನ ವಯಸ್ಸು ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಆಕೆ ದೂರು ಕೊಟ್ಟರೆ ನಾನು ಸಾಕ್ಷಿ ಎಂದೆ. ಅವನು ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದ. ಆಕೆ ಕೆಟ್ಟ ಮೊಬೈಲನ್ನೂ ಡಬ್ಬಿಯೊಳಗಿನ ಬಿಲ್ಲನ್ನೂ ಗಾಜಿನ ಕಪಾಟಿನ ಮೇಲೆ ಇಟ್ಟು ನಿಂತಿದ್ದಳು.

ಬಹಳ ಹೊತ್ತಿನ ಮೇಲೆ ಅಳಿಯ ಕಪಾಟು ತೆರೆದು, ಅದಕ್ಕಿಂತ ಒಂದು ಮಟ್ಟ ಮೇಲಿನದೇ ಮೊಬೈಲ್ ತೆಗೆದ. ಡಬ್ಬಿ ಇತ್ತು, ಹಳೆಯ ಬಿಲ್ಲಿತ್ತು. ಅಂಗಡಿಯದೊಂದು ಹೊಸ ಬಿಲ್ಲು ಬರೆದು ಅದರ ಮೇಲೆ ಇಷ್ಟು ತಿಂಗಳು ನಮ್ಮ ಗ್ಯಾರಂಟಿ ಎಂದು ಕೈಯಾರೆ ಸಹಿ ಹಾಕಿದ. ಅವನು ಹೆದರಿ ಕೊಟ್ಟನೋ, ಮನಸ್ಸಿನಿಂದ ಕೊಟ್ಟನೋ ನಾನು ಕೇಳಿಲ್ಲ. "ಮಾವಾರು ಮಾತ ಕೊಟ್ಟಾರಂದ್ರ ಅಂಗಡಿ ಮಾತ ಅದು. ತಗೊ ತಂಗಿ" ಎಂದಷ್ಟೇ ಎಂದ. ಆಕೆ ಅಲ್ಲೇ ಸಿಮ್ ಹಾಕಿಸಿ, ಒಬ್ಬ ಹೊಲದವನಿಗೆ ಫೋನ್ ಹಚ್ಚಿ, ಆರದೆ ಮಾತು ಮುಗಿಯುವವರೆಗೆ ಮಾತಾಡಿಸಿ ನೋಡಿ ಹೊರಟಳು.

ಬಾಗಿಲಲ್ಲಿ ತಿರುಗಿ ನಿಂತು ಚೀಲದಿಂದ ಆ ಹಳೆಯ ಡಬ್ಬಿ ತೆಗೆದಳು. ಕುಂಕುಮದ ಗುರುತು ಇನ್ನೂ ಇತ್ತು. ನನ್ನ ಕೈಗೆ ಕೊಟ್ಟಳು.

"ಇದು ನಿನ್ನ ಹಂತ್ಯಾಕ ಇರ್ಲಿ."

ಹೋದ ಮೂರು ಹೊಲ ಆಕೆಗೆ ತಿರುಗಿ ಬರಲಿಲ್ಲ. ಒಮ್ಮೆ ಬೇರೆ ಹಿಂಡು ಕರೆಸಿದವರು ಮರುವರ್ಷವೂ ಅದೇ ಹಿಂಡನ್ನೇ ಕರೆಸುತ್ತಾರೆ, ಅದು ನಮ್ಮ ಕಡೆಯ ವಾಡಿಕೆ. ಆ ಬೇಸಿಗೆಯಲ್ಲಿ ಆಕೆಯ ಹಿಂಡು ಹೊಳೆ ದಾಟಿ ಆಚೆಗೆ ಹೋಯಿತೆಂದು ಕೇಳಿದೆ. ಈಚೆ ಬಂತೋ ಇಲ್ಲವೋ ತಿಳಿಯದು. ಅಂಗಡಿಯಲ್ಲಿ ಆಕೆಯ ನಂಬರು ಇದೆ. ಹಚ್ಚಿದರೆ ಎತ್ತುತ್ತಾಳೆ, ಈ ಮೊಬೈಲು ಆರುವುದಿಲ್ಲ. ಎತ್ತಿದ ಮೇಲೆ ಏನೆನ್ನಬೇಕೆಂದು ಗೊತ್ತಿಲ್ಲದೆ ಹಚ್ಚಿಲ್ಲ. ಬಸ್ಸಿನಲ್ಲಿ ಹೋಗುವಾಗ ಹೊಲದಲ್ಲಿ ಹಿಂಡು ಕಂಡರೆ ಕುರಿ ನೋಡುವುದಿಲ್ಲ, ಗೂಟ ಬಡಿಯುವವರು ಯಾರೆಂದು ನೋಡುತ್ತೇನೆ. ಬಸ್ಸು ನಿಲ್ಲುವುದಿಲ್ಲ.

ಅಂಗಡಿಯ ಬೋರ್ಡನ್ನು ಅಳಿಯ ತೆಗೆದಿಲ್ಲ. ಆದರೆ ಈಗ ಬಿಲ್ಲು ಕೊಡುತ್ತಾನೆ, ಹಳೆಯ ಡಬ್ಬಿ ಬಂದರೆ ಮೊಬೈಲಿನ ಜೊತೆಗೇ ಕೊಡುತ್ತಾನೆ. ನನ್ನನ್ನು ಛೇಡಿಸುವುದನ್ನೂ ನಿಲ್ಲಿಸಿದ್ದಾನೆ, ಅದು ನನಗೆ ಛೇಡಿಸುವುದಕ್ಕಿಂತ ಕಷ್ಟ. ಮೊನ್ನೆ ಮಗಳು ನನ್ನ ಕೋಣೆ ಗುಡಿಸುವಾಗ ಆ ಡಬ್ಬಿ ಕಂಡು, ಖಾಲಿ ಇದೆಯಲ್ಲ, ಗುಂಡಿ ದಾರ ಹಾಕಿಡುತ್ತೇನೆ ಎಂದು ಕೈಗೆತ್ತಿಕೊಂಡಳು. ಇಟ್ಟುಬಿಡು ಎಂದೆ. ಇದರಲ್ಲಿ ಏನಿದೆ ಅಪ್ಪಾ ಎಂದಳು. ಏನೂ ಇಲ್ಲ ಎಂದೆ, ಈ ಸಲ ಅದು ಸುಳ್ಳಲ್ಲ. ಅವಳು ಅದನ್ನು ಇದ್ದಲ್ಲೇ ಇಟ್ಟು ಹೋದಳು. ನಾನು ಎದ್ದು ಹೊರಗೆ ಹೋಗಿ, ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದೆ.